ಇಂಗ್ಲಿಷಿನಲ್ಲಿ ‘ಇಲ್ಲ’ ಅನ್ನುವ ವಿದ್ಯೆ

‘ಹೌದು’ ಅನ್ನುವುದಕ್ಕೆ ವಿದ್ಯೆ ಬೇಕಿಲ್ಲ, ತಲೆಯೊಂದಿದ್ದರೆ ಸಾಕು. ಆ ತಲೆಯೊಳಗೆ ಏನಿದೆ ಎಂದು ಯಾರೂ ಇಣುಕಿ ನೋಡುವುದಿಲ್ಲ. ಮೇಲಧಿಕಾರಿ ಮಾತಾಡಿದಾಗ ಅದು ಅಲ್ಲಾಡಿದರೆ ಆಯಿತು. ಹಾಗೆ ಅಲ್ಲಾಡಿಸಿಯೇ ಬಡ್ತಿ ಪಡೆದವರನ್ನೂ, ಪಿಂಚಣಿಗೆ ಬಂದ ಮೇಲೂ ಅಭ್ಯಾಸಬಲದಿಂದ ಕಟ್ಟೆಯ ಮೇಲೆ ಕೂತು ಅಲ್ಲಾಡಿಸುತ್ತಿರುವವರನ್ನೂ ನಾನು ಬಲ್ಲೆ. ಕಲಿಯಬೇಕಾದದ್ದು ‘ಇಲ್ಲ’ ಅನ್ನುವುದನ್ನು. ಅದನ್ನು ಕನ್ನಡದಲ್ಲಿ ತಾಯಿಯ ತೊಡೆಯ ಮೇಲೆ ಕಲಿಯುತ್ತೇವೆ, ಇಂಗ್ಲಿಷಿನಲ್ಲಿ ಮಾಸ್ತರರ ಛಡಿಯ ಕೆಳಗೆ ಕಲಿಯುತ್ತೇವೆ. ಜಮಖಂಡಿ, ಮುಧೋಳದ ಸಂಸ್ಥಾನಗಳು ಹೋಗಿ ಎಲ್ಲವೂ ಮುಂಬಯಿ ಸರಕಾರವಾದ ಹೊಸತರಲ್ಲಿ, ಬಿಳಗಿಯ ಹೈಸ್ಕೂಲಿನಲ್ಲಿ ಆ ಛಡಿ ಹಿಡಿದುಕೊಂಡು ನಿಂತಿದ್ದವನು ನಾನು.

ಇಂಗ್ಲಿಷ್ ಕಲಿಸುವವರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹುಚ್ಚು ಇರುತ್ತದೆ. ಒಬ್ಬರಿಗೆ ಕೈಬರಹದ ಹುಚ್ಚು, ಒಬ್ಬರಿಗೆ ಉಚ್ಚಾರದ ಹುಚ್ಚು. ನನಗೆ ಹಿಡಿದದ್ದು ‘ನಾಟ್’ ಹುಚ್ಚು. ಕಾರಣವಿಲ್ಲದೆ ಹಿಡಿದದ್ದಲ್ಲ. ನಮ್ಮ ಭಾಷೆಯಲ್ಲಿ ನಿರಾಕರಿಸುವುದಕ್ಕೆ ಎಷ್ಟು ಶಬ್ದ ನೋಡಿ! ಕೊಟ್ಟಿಗೆಯಲ್ಲಿ ಎಮ್ಮೆ ಇರದಿದ್ದರೆ ‘ಇಲ್ಲ’, ಇದ್ದದ್ದು ಎಮ್ಮೆಯಾಗಿರದೆ ಆಕಳಾಗಿದ್ದರೆ ‘ಅಲ್ಲ’, ಯಾರಾದರೂ ಎಮ್ಮೆ ಮಾರಲು ತಂದರೆ ‘ಬ್ಯಾಡ’, ಕೊಂಡ ಮೇಲೆ ಅದು ಒದೆಯಲು ಶುರು ಮಾಡಿದರೆ ‘ಹಾಲು ಕೊಡಲೊಲ್ಲದು’. ಇಂಗ್ಲಿಷಿನವನ ಹತ್ತಿರ ಇರುವುದು ಒಂದೇ ‘ನಾಟ್’. ಬಡವರ ಮನೆಯ ಒಂದೇ ಚರಿಗೆಯ ಹಾಗೆ ಅದನ್ನೇ ತೊಳೆದು ತೊಳೆದು ಕುಡಿಯಲಿಕ್ಕೂ ಅದೇ, ಹೊರಕಡೆಗೂ ಅದೇ ಎಂದು ಬಳಸುತ್ತಾನೆ. ಅಷ್ಟು ಬಡವನಾಗಿದ್ದೂ ಅವನು ನಮ್ಮನ್ನು ಆಳಿ ಹೋದ. ಇಷ್ಟು ಶ್ರೀಮಂತರಾಗಿ ನಾವು ಅವನ ಒಂದು ‘ನಾಟ್’ ಎಲ್ಲಿಡಬೇಕೆಂದು ತಿಳಿಯದೆ ಪರೀಕ್ಷೆಯಲ್ಲಿ ನಪಾಸಾಗುತ್ತಿದ್ದೆವು.

ನಮ್ಮ ಮನೆಯ ಸಂಗತಿ ಇನ್ನೂ ವಿಚಿತ್ರ. ನಮ್ಮದು ತುಬಚಿಯ ಕಡೆ ಕುರಿ ಕಾಯುವ ಮನೆತನ, ಬೀರದೇವರ ಒಕ್ಕಲು. ಇಷ್ಟೊಂದು ಶಬ್ದ ಇದ್ದರೂ ನಮ್ಮವ್ವ ಅವುಗಳಲ್ಲಿ ಒಂದನ್ನೂ ಅಡಿಗೆ ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಒಲೆಯ ಮುಂದೆ ಕೂತು ‘ಇಲ್ಲ’ ಅಂದರೆ ಲಕ್ಷ್ಮಿ ಎದ್ದು ಹೋಗುತ್ತಾಳಂತೆ. ಆದ್ದರಿಂದ ಜೋಳ ಮುಗಿದ ದಿನ ಅವ್ವ, “ಜ್ವಾಳ ತುಂಬ್ಯಾವ” ಅನ್ನುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಅಪ್ಪ ಇದನ್ನು ಕೇಳಿ, ತುಂಬಿದ್ದರೆ ಒಳ್ಳೆಯದೇ ಆಯಿತು ಎಂದು ನೆಮ್ಮದಿಯಿಂದ ಕುರಿ ಹೊಡೆದುಕೊಂಡು ಹೋಗಿ, ಸಂಜೆ ಬಂದು ಖಾಲಿ ಬುಟ್ಟಿಯ ಮುಂದೆ ಕೂತನಂತೆ. ಇಂಥ ಮನೆಯಲ್ಲಿ ಹುಟ್ಟಿದವನು ಇಂಗ್ಲಿಷಿನ ನಕಾರಕ್ಕೆ ಮರುಳಾದದ್ದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿ ಇಲ್ಲವೆಂದರೆ ಇಲ್ಲ. ಲಕ್ಷ್ಮಿಯ ಭಯವಿಲ್ಲ.

ಆದರೆ ನನ್ನ ಮರುಳು ಮಕ್ಕಳಿಗೆ ಅಂಟಲಿಲ್ಲ. ‘ಯಾರೂ ಬರಲಿಲ್ಲ’ ಎಂಬುದಕ್ಕೆ ‘ನೋಬಡಿ ಕೇಮ್’ ಅನ್ನುವ ಬದಲು ಇಡೀ ವರ್ಗ ಒಕ್ಕೊರಲಿನಿಂದ ‘ಎನಿಬಡಿ ಡಿಡ್ ನಾಟ್ ಕಮ್’ ಅನ್ನುತ್ತಿತ್ತು. ‘ಅನ್‌ಲೆಸ್’ ಎಂಬ ಶಬ್ದದ ಹೊಟ್ಟೆಯಲ್ಲೇ ಒಂದು ನಕಾರ ಇದೆ, ಅದರ ಜೊತೆಗೆ ಮತ್ತೊಂದು ‘ನಾಟ್’ ಇಟ್ಟರೆ ಎರಡೂ ಬಡಿದಾಡಿಕೊಂಡು ಸಾಯುತ್ತವೆ ಎಂದು ವರ್ಷವಿಡೀ ಬಾಯಿ ನೋಯಿಸಿಕೊಂಡೆ. ಕೊನೆಗೆ ಒಬ್ಬ ಹುಡುಗ ‘ಅನ್‌ಲೆಸ್ ಇಟ್ ಡಸ್ ನಾಟ್ ರೇನ್, ದ ಕ್ರಾಪ್ ವಿಲ್ ಡೈ’ ಎಂದು ಬರೆದ. “ಲೇ, ಮಳಿ ಬಂದ್ರ ಬೆಳಿ ಸಾಯತೈತಿ ಅಂತ ಬರದಿ ನೋಡು” ಎಂದು ರೇಗಿದೆ. ಅವನು ಎದ್ದು ನಿಂತು, “ಖರೆ ಐತ್ರಿ ಸರ. ನಮ್ಮದು ಹೊಳಿ ದಂಡಿ ಹೊಲ” ಅಂದ. ವ್ಯಾಕರಣ ತಪ್ಪಾಗಿದ್ದು ಸಂಗತಿ ಸರಿಯಾಗಿದ್ದರೆ ಎಷ್ಟು ಅಂಕ ಕೊಡಬೇಕೆಂದು ನನಗೆ ಯಾವ ಟ್ರೇನಿಂಗಿನಲ್ಲೂ ಹೇಳಿಕೊಟ್ಟಿರಲಿಲ್ಲ.

ಇದೆಲ್ಲ ಶಾಲೆಯೊಳಗಿನ ಮಾತಾಯಿತು. ಹುಚ್ಚು ಶಾಲೆಯಿಂದ ಹೊರಗೆ ಬಂದದ್ದು ನನ್ನ ಮದುವೆಯಾದ ಮೇಲೆ. ಹೆಂಡತಿ ಸುಂದರವ್ವ ಜಮಖಂಡಿಯವಳು, ಅಲ್ಲಿಯೇ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಅವಳಿಗೊಂದು ಸೀರೆ ಕೊಡಿಸಲು ಬನಹಟ್ಟಿಗೆ ಹೋದೆವು. ನೇಕಾರನೊಬ್ಬ ಮಗ್ಗದ ಕುಣಿಯಿಂದ ಎದ್ದು ಬಂದು ಹಸಿರು ಸೀರೆಯೊಂದನ್ನು ಹರವಿದ. “ಇದರ ಬಣ್ಣ ಹೋಗೂದಿಲ್ಲಲ್ಲ?” ಎಂದು ಕೇಳಿದೆ. “ಹೌದ್ರಿ” ಅಂದ. ನಾನು ಸೀರೆ ಮಡಚಿ ಕೆಳಗಿಟ್ಟೆ.

“ಯಾಕ್ರೀ?” ಅಂದಳು ಸುಂದರವ್ವ.

“ಬಣ್ಣ ಹೋಗತೈತಿ ಅಂತ ಅವನ ಹೇಳಾಕತ್ತಾನಲ್ಲ.”

“ಹೌದಂದ್ರ ಹೋಗೂದಿಲ್ಲಂತ!”

“ಇಂಗ್ಲಿಷಿನ್ಯಾಗ ಹಂಗಿಲ್ಲ. ಹೌದಂದ್ರ ಹೋಗತೈತಿ ಅಂತ.”

ನೇಕಾರ ಇಬ್ಬರ ಮುಖವನ್ನೂ ನೋಡಿ, “ಸೀರಿ ಇಂಗ್ಲಿಷಿನದಲ್ಲರಿ, ಬನಹಟ್ಟೀದು” ಅಂದ.

ಸುಂದರವ್ವ ಸೀರೆ ಎತ್ತಿಕೊಂಡಳು. ಬಸ್ಸಿನಲ್ಲಿ ಕೂತ ಮೇಲೆ ನಾನು ಅವಳಿಗೆ ನಿಯಮವನ್ನು ತಿಳಿಸಿ ಹೇಳಿದೆ. ಕನ್ನಡದಲ್ಲಿ ಉತ್ತರ ಕೊಡುವವನು ಕೇಳಿದವನ ಮುಖ ನೋಡುತ್ತಾನೆ. ‘ಬಣ್ಣ ಹೋಗೂದಿಲ್ಲಲ್ಲ?’ ಅಂದರೆ, ‘ನೀವು ಹೇಳಿದ್ದು ಹೌದು, ಹೋಗುವುದಿಲ್ಲ’ ಅನ್ನುತ್ತಾನೆ. ಇಂಗ್ಲಿಷಿನವನು ಕೇಳಿದವನ ಮುಖ ನೋಡುವುದಿಲ್ಲ, ಸಂಗತಿಯ ಮುಖ ನೋಡುತ್ತಾನೆ. ಪ್ರಶ್ನೆ ಹೇಗೇ ಇರಲಿ, ಬಣ್ಣ ಹೋಗುವುದಾದರೆ ‘ಯೆಸ್’, ಹೋಗದಿದ್ದರೆ ‘ನೋ’. ಎಷ್ಟು ಶಾಸ್ತ್ರೀಯ, ಎಷ್ಟು ನಿಷ್ಠುರ! ಸುಂದರವ್ವ ಎಲ್ಲವನ್ನೂ ಕೇಳಿ, “ಮುಖಾ ನೋಡದ ಮಾತಾಡೋ ಮಂದಿ ಕೂಡ ಹೆಂಗ ಬಾಳೇ ಮಾಡತಾರೋ” ಅಂದು ಕಿಡಕಿಯ ಕಡೆ ತಿರುಗಿದಳು. ಸೀರೆಯ ಬಣ್ಣ ಹೋಗಲಿಲ್ಲ. ಅದನ್ನು ಅವಳು ನನಗೆ ಪ್ರತಿ ಒಗೆತಕ್ಕೊಮ್ಮೆ ತೋರಿಸಿದಳು.

ನಮ್ಮ ಬಾಳುವೆಯಾದರೂ ಎಂಥದು? ಅವಳು ಜಮಖಂಡಿಯಲ್ಲಿ ಒಂದು ಖೋಲಿ ಹಿಡಿದುಕೊಂಡು, ನಾನು ಬಿಳಗಿಯಲ್ಲಿ ಒಂದು ಖೋಲಿ ಹಿಡಿದುಕೊಂಡು. ಶನಿವಾರ ಶಾಲೆ ಬಿಟ್ಟ ಕೂಡಲೇ ಮೋಟಾರಿನ ಹಿಂದೆ ಓಡಬೇಕು. ಅದು ಸಿಕ್ಕರೆ ಮೈತುಂಬ ಧೂಳು ಮೆತ್ತಿಕೊಂಡು ಜಮಖಂಡಿಯಲ್ಲಿ ಇಳಿಯಬೇಕು. ಅವಳು ನನ್ನನ್ನು ಗುರುತು ಹಿಡಿಯುವಷ್ಟರಲ್ಲಿ ಸೋಮವಾರ. ಹೀಗಿರುವಾಗ ಒಂದು ಶನಿವಾರ ಅವಳು ಮುಖ ಕೆಳಗೆ ಹಾಕಿ ತಾನು ಹೊಟ್ಟೆಯಿಂದ ಇರುವುದನ್ನು ತಿಳಿಸಿದಳು. “ಇನ್ನ ನೀವು ಇಲ್ಲಿಗಿ ಬದಲೀ ಮಾಡಿಸಿಗೊಳ್ರಿ. ನನಗ ಒಬ್ಬಾಕಿಗೇ ಅಂಜಿಕಿ ಬರತೈತಿ” ಅಂದಳು. ಯಾವುದಕ್ಕೂ ಅಂಜದ ಹೆಣ್ಣು. ಆ ಮಾತು ಕೇಳಿ ನನಗೇ ಅಂಜಿಕೆಯಾಯಿತು.

ನಾನು ನೇರವಾಗಿ ನಮ್ಮ ಹೆಡ್‌ಮಾಸ್ತರರ ಹತ್ತಿರ ಹೋದೆ. ಅವರು ಸಮಾಧಾನದ ಮನುಷ್ಯರು, ಅಂದರೆ ಯಾವ ಕೆಲಸವನ್ನೂ ಮಾಡದೆ ಸಮಾಧಾನದಿಂದ ಇರಬಲ್ಲವರು. “ಮಾಸ್ತರ, ಜಿಲ್ಲಾದ ಇನ್‌ಸ್ಪೆಕ್ಟರ್ ಸಾಹೇಬರು ಈ ತಿಂಗಳ ತಪಾಸಣಿಗಿ ಬರಾಕತ್ತಾರ. ನಿಮ್ಮ ವಿಷಯ ನಾನ ಹೇಳತೀನಿ. ನೀವು ಏನೂ ಮಾಡಬ್ಯಾಡ್ರಿ. ಅವರು ಏನ ಕೇಳಿದ್ರೂ ‘ಯೆಸ್ ಸರ್’ ಅಂದುಬಿಡ್ರಿ. ನಾ ಹಂಗ ಅಂತ ಅಂತನ ಇಲ್ಲೀಮಟಾ ಬಂದೀನಿ” ಅಂದರು. ನಾನು ಮನಸ್ಸಿನಲ್ಲಿ ನಕ್ಕೆ. ಎಲ್ಲದಕ್ಕೂ ‘ಯೆಸ್’ ಅನ್ನುವವರು ವ್ಯಾಕರಣ ಬಾರದವರು. ನಾನು ಎಲ್ಲಿ ‘ಯೆಸ್’, ಎಲ್ಲಿ ‘ನೋ’ ಎಂದು ಊರಿಗೆಲ್ಲ ಹೇಳಿಕೊಡುವವನು.

ಸಾಹೇಬರು ಬಂದರು. ಪುಣೆಯ ಕಡೆಯವರು, ಕನ್ನಡ ಬಾರದು. ಮರಾಠಿಯಲ್ಲಿ ಮಾತಾಡಿದ್ದರೆ ನಮ್ಮಲ್ಲಿ ಬಹಳ ಜನಕ್ಕೆ ತಿಳಿಯುತ್ತಿತ್ತು, ಆದರೆ ಸಾಹೇಬರು ತಪಾಸಣೆಯನ್ನು ಇಂಗ್ಲಿಷಿನಲ್ಲಿಯೇ ಮಾಡಬೇಕೆಂಬ ಶಿಸ್ತಿನವರು. ಇಂಗ್ಲಿಷರು ಹೋದ ಮೇಲೆ ಆ ಶಿಸ್ತು ಇನ್ನೂ ಬಿಗಿಯಾಗಿತ್ತು. ಶೇಂಗಾ, ಮಹಾಲಿಂಗಪುರದ ಬೆಲ್ಲ ಎಲ್ಲ ಆದ ಮೇಲೆ ಒಬ್ಬೊಬ್ಬರೇ ಮಾಸ್ತರರನ್ನು ಹೆಡ್‌ಮಾಸ್ತರರ ಖೋಲಿಗೆ ಕರೆದರು. ನನಗಿಂತ ಮೊದಲು ಹೋದವರು ಡ್ರಾಯಿಂಗ್ ಮಾಸ್ತರರು. ಅವರದು ಬಿಳಗಿಯ ಹತ್ತಿರವೇ ಹೊಲ, ಮನೆ. ಊರು ಬಿಡುವುದೆಂದರೆ ಅವರಿಗೆ ಪ್ರಾಣ ಬಿಟ್ಟ ಹಾಗೆ. ಅವರ ಇಂಗ್ಲಿಷ್ ಪೆನ್ಸಿಲ್, ರಬ್ಬರ್ ದಾಟಿ ಮುಂದೆ ಹೋಗಿರಲಿಲ್ಲ.

ಬಾಗಿಲ ಹೊರಗೆ ನಿಂತಿದ್ದ ನನಗೆ ಸಾಹೇಬರ ದನಿ ಕೇಳಿಸಿತು. “ಸೋ, ಯೂ ಡು ನಾಟ್ ವಾಂಟ್ ಟು ಲೀವ್ ಬಿಳಗಿ?” ಹಾಗಾದರೆ ನಿಮಗೆ ಬಿಳಗಿ ಬಿಡುವ ಮನಸ್ಸಿಲ್ಲ?

“ಯೆಸ್ ಸರ್” ಅಂದರು ಡ್ರಾಯಿಂಗ್ ಮಾಸ್ತರರು.

ಪಾಪ, ಮನುಷ್ಯ ತಾನಾಗಿ ಊರು ಬಿಡುತ್ತೇನೆಂದು ಒಪ್ಪಿಕೊಂಡ! ಇಂಗ್ಲಿಷಿನ ನಿಯಮದ ಪ್ರಕಾರ ‘ಯೆಸ್’ ಅಂದರೆ ‘ಬಿಡುವ ಮನಸ್ಸಿದೆ’ ಎಂದಲ್ಲವೇ? ಒಳಗೆ ನುಗ್ಗಿ ತಿದ್ದಿಬಿಡಲೇ ಎಂದು ಕಾಲು ಮುಂದಿಟ್ಟೆ. ಅಷ್ಟರಲ್ಲಿ ಅವರೇ ನಗುತ್ತ ಹೊರಗೆ ಬಂದರು. ಅಜ್ಞಾನದಲ್ಲಿ ಎಷ್ಟು ಸುಖ ಎಂದುಕೊಂಡು ಅವರ ಭುಜ ತಟ್ಟಿ ಒಳಗೆ ಹೋದೆ.

ಸಾಹೇಬರು ನನ್ನನ್ನು ಪ್ರೀತಿಯಿಂದ ನೋಡಿದರು. ನನ್ನ ಪಾಠ ಚೆನ್ನಾಗಿದೆಯೆಂದೂ ನಾನಿಲ್ಲದಿದ್ದರೆ ಇಲ್ಲಿಯ ಮಕ್ಕಳು ಅನಾಥರಾಗುತ್ತಾರೆಂದೂ ಹೆಡ್‌ಮಾಸ್ತರರು ಹೇಳಿದರಂತೆ. ಆ ಸಮಾಧಾನದ ಮನುಷ್ಯರು ನನ್ನ ವಿಷಯ ಹೇಳಿದ ರೀತಿ ಇದು. ನಾನು ಹೋದರೆ ಇಂಗ್ಲಿಷನ್ನು ಅವರೇ ಕಲಿಸಬೇಕಾಗುತ್ತಿತ್ತು. ಹೆಡ್‌ಮಾಸ್ತರರು ಕಿಡಕಿಯ ಹೊರಗೆ ಬೇವಿನ ಗಿಡವನ್ನು ನೋಡುತ್ತಿದ್ದರು. ಸಾಹೇಬರು ಅದೇ ಪ್ರಶ್ನೆಯನ್ನು ನನಗೂ ಹಾಕಿದರು. “ಸೋ, ಯೂ ಟೂ ಡು ನಾಟ್ ವಾಂಟ್ ಟು ಲೀವ್ ಬಿಳಗಿ?”

ಓದುಗರೇ, ಇಂಥ ಗಳಿಗೆ ವೈಯಾಕರಣಿಯ ಬಾಳಿನಲ್ಲಿ ಒಮ್ಮೆ ಬರುತ್ತದೆ. ಪ್ರಶ್ನೆಯಲ್ಲಿ ‘ನಾಟ್’ ಇದೆ. ಅದರ ಮುಖ ನೋಡಕೂಡದು, ಸಂಗತಿಯ ಮುಖ ನೋಡಬೇಕು. ಸಂಗತಿಯೇನು? ನನಗೆ ಬಿಳಗಿ ಬಿಡಬೇಕಾಗಿದೆ. ಹಾಗಾದರೆ ಉತ್ತರ? ನಾನು ಎದೆ ಸೆಟೆಸಿ, ಲಂಡನ್ನಿನವರೂ ತಲೆದೂಗಬೇಕು ಅನ್ನುವ ಹಾಗೆ, “ಯೆಸ್ ಸರ್! ಐ ಡು!” ಅಂದೆ.

ಸಾಹೇಬರು ಎದ್ದು ನಿಂತು ನನ್ನ ಕೈ ಕುಲುಕಿದರು. “ಶಾಬಾಸ್!” ಅಂದರು. ಹೆಡ್‌ಮಾಸ್ತರರು ಬೇವಿನ ಗಿಡದಿಂದ ಕಣ್ಣು ತೆಗೆದು ನನ್ನನ್ನು ಬೆರಗಿನಿಂದ ನೋಡಿದರು. ಅವರ ಆಟ ಕೆಟ್ಟಿತಲ್ಲ ಎಂಬ ಬೆರಗು ಎಂದು ನಾನು ತಿಳಿದೆ.

ಶನಿವಾರ ಜಮಖಂಡಿಗೆ ಪೇಢೆ ತೆಗೆದುಕೊಂಡು ಹೋದೆ. ಸುಂದರವ್ವ ಮನೆಯೊಡತಿಗೆ ಹೇಳಿ ಪಕ್ಕದ ದೊಡ್ಡ ಖೋಲಿಯನ್ನು ಗೊತ್ತು ಮಾಡಿದಳು. ತೊಲೆಗೆ ತೊಟ್ಟಿಲ ಕೊಂಡಿ ಹಾಕಿಸಿದೆವು. ಬದಲಿಯ ಆರ್ಡರ್ ಬಂದ ದಿನ ಹೆಡ್‌ಮಾಸ್ತರರು ಅದನ್ನು ಎಲ್ಲರೆದುರಿಗೆ ಓದಿದರು. ಡ್ರಾಯಿಂಗ್ ಮಾಸ್ತರರು ಬಿಳಗಿಯಲ್ಲಿಯೇ. ಜಮಖಂಡಿಯ ಜಾಗ ಮುಧೋಳದ ಯಾರೋ ಒಬ್ಬರಿಗೆ. ನಾನು, ಹಳ್ಳಿಯ ಮಕ್ಕಳ ಮೇಲೆ ತೋರಿಸಿದ ಅಪರೂಪದ ಪ್ರೀತಿಗಾಗಿ, ಬಿಳಗಿಯಲ್ಲಿಯೇ. ಮೇಲಾಗಿ, ಅದೇ ಪ್ರೀತಿಗೆ ಬಹುಮಾನವಾಗಿ, ಶನಿವಾರ ಸಂಜೆಯ ವಯಸ್ಕರ ಶಿಕ್ಷಣದ ವರ್ಗವೂ ನನಗೇ.

“ಇದೆಂಗಾತ್ರಿ?” ಎಂದು ಕೂಗಿದೆ. “ನಾ ‘ಯೆಸ್’ ಅಂದೀನಿ!”

“ನಾನೂ ಅದನ್ನ ಹೇಳಾಕತ್ತೀನಿ” ಅಂದರು ಹೆಡ್‌ಮಾಸ್ತರರು. “ಬಿಳಗಿ ಬಿಡೂ ಮನಸ್ಸಿಲ್ಲೇನು ಅಂತ ಕೇಳಿದ್ರು. ಹೌದು ಅಂದ್ರಿ. ಅದೂ ಎಷ್ಟ ಜೋರಲೆ! ನನಗ ಆಶ್ಚರ್ಯ ಆತು. ಮೊನ್ನಿ ಬದಲಿ ಬೇಕಂತಿದ್ದ ಮನಶ್ಯಾ, ಏನಾತಿವಗ ಅಂತ.”

ಆಗ ನನಗೆ ಹೊಳೆಯಿತು. ಸಾಹೇಬರು ಪ್ರಶ್ನೆ ಕೇಳಿದ್ದು ಇಂಗ್ಲಿಷಿನಲ್ಲಿ, ಉತ್ತರ ಕೇಳಿಸಿಕೊಂಡದ್ದು ಮರಾಠಿಯಲ್ಲಿ. ಮರಾಠಿಯವರೂ ನಮ್ಮ ಹಾಗೆಯೇ ಮುಖ ನೋಡುವ ಮಂದಿ. ನನ್ನ ‘ಐ ಡು’ ಅವರ ಕಿವಿಗೆ ಎರಡನೆಯ ‘ಹೌದು’ ಆಗಿ ಬಿದ್ದಿತ್ತು. ಬಿಳಗಿಯಲ್ಲಿ ಆ ದಿನ ಶುದ್ಧ ಇಂಗ್ಲಿಷ್ ಮಾತಾಡಿದವನು ನಾನೊಬ್ಬನೇ, ಆದ್ದರಿಂದ ತಪ್ಪು ಮಾತಾಡಿದವನೂ ನಾನೊಬ್ಬನೇ.

ಶನಿವಾರ ವಯಸ್ಕರ ವರ್ಗ ಮುಗಿಸಿ, ಮೋಟಾರು ತಪ್ಪಿಸಿಕೊಂಡು, ರವಿವಾರ ಮುಂಜಾನೆ ಜಮಖಂಡಿ ಮುಟ್ಟಿದೆ. ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಕಂಬಳಿ ಮಾರಲು ಸಂತೆಗೆ ಬಂದಿದ್ದ ಅಪ್ಪನೂ ಅಲ್ಲಿಯೇ ಕೂತಿದ್ದ. ಸುಂದರವ್ವ ಅಳುತ್ತಿರಲಿಲ್ಲ, ಅದೇ ಹೆಚ್ಚು ಹೆದರಿಕೆಯಾಗುವಂತಿತ್ತು.

“ನನ್ನ ಕೂಡ ಇರಾಕ ಮನಸಿಲ್ಲಂದ್ರ ನನಗ ಹೇಳಬೇಕಿತ್ತು. ಸಾಹೇಬರ ಮುಂದ ಹೇಳೂದೇನಿತ್ತು?” ಅಂದಳು.

“ಸುಂದ್ರಾ, ನಾ ‘ಯೆಸ್’ ಅಂದದ್ದು ‘ನೋ’ ಅಂತ ಅಲ್ಲ. ಅವರು ‘ನಾಟ್’ ಇಟ್ಟು ಕೇಳಿದ್ರು, ಅದಕ್ಕ ಇಂಗ್ಲಿಷಿನ್ಯಾಗ…”

“ಮರಾಠೀಲೆ ಮಾತಾಡಾಕ ಏನಾಗಿತ್ತು? ನಿಮಗೇನ ಬರೂದಿಲ್ಲೇನು?”

ಈ ಪ್ರಶ್ನೆಗೆ ‘ಹೌದು’ ಅನ್ನಬೇಕೋ ‘ಇಲ್ಲ’ ಅನ್ನಬೇಕೋ ತಿಳಿಯದೆ ಅಪ್ಪನ ಕಡೆ ನೋಡಿದೆ. ಅಪ್ಪ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದ. “ನೋಡೋ ತಮ್ಮಾ,” ಅಂದ, “ನಮ್ಮ ಕುರಿ ನಾಕ ಅಕ್ಷರಾ ಕಲಿತಿಲ್ಲ. ಆದ್ರೂ ಒಲ್ಲದ ಕಡಿಗಿ ಎಳದ್ರ ‘ಬ್ಯಾ’ ಅಂತೈತಿ. ‘ಬ್ಯಾಡ’ ಅನ್ನಾಕ ಹೋಗಿ ಅರ್ಧಕ್ಕ ನಿಲ್ಲತೈತಿ ಖರೆ, ತಿಳಿಯೂ ಅಷ್ಟ ತಿಳಿತೈತಿ. ನೀ ಅಷ್ಟರೆ ಅನಬೇಕಿತ್ತಿಲ್ಲೋ?” ಸುಂದರವ್ವನಿಗೆ ಅಷ್ಟು ಸಿಟ್ಟಿನಲ್ಲೂ ನಗು ಬಂತು. ನನಗೆ ಬರಲಿಲ್ಲ. ನಾನು ಬಿಜಾಪುರದ ಜಿಲ್ಲಾ ಕಚೇರಿಗೆ ಹೋಗಿ ಸಾಹೇಬರಿಗೆ ಅವರ ತಪ್ಪನ್ನು ತಿಳಿಸಿ ಹೇಳುವುದಾಗಿ ಸಾರಿದೆ. “ನೀವು ಬಾಯಿ ತಗೀಬ್ಯಾಡ್ರಿ” ಅಂದಳು ಹೆಂಡತಿ. ನಾಲ್ಕು ವರ್ಷ ಇಂಗ್ಲಿಷ್ ವ್ಯಾಕರಣ ಓದಿದ ಮೇಲೆ ನನಗೆ ಪೂರ್ತಿಯಾಗಿ ಅರ್ಥವಾದ ಮೊದಲನೆಯ ನಕಾರ ಅದು.

ಮುಂದಿನದು ನಾನು ನೋಡಿದ್ದಲ್ಲ, ಸುಂದರವ್ವ ಹೇಳಿದ್ದು. ಅದೇ ಸಾಹೇಬರು ಅವಳ ಶಾಲೆಯ ತಪಾಸಣೆಗೆ ಬಂದರು. ಅವಳ ಅಪ್ಪ ಸಂಸ್ಥಾನದ ಕಾಲದಲ್ಲಿ ಮರಾಠಿ ಮಾತಾಡುವ ರಾಜರ ಕುದುರೆ ನೋಡಿಕೊಳ್ಳುತ್ತಿದ್ದವರು. ಮರಾಠಿ ಅವಳಿಗೆ ನೀರು ಕುಡಿದ ಹಾಗೆ. ತಪಾಸಣೆ ಮುಗಿದ ಮೇಲೆ ಅವಳು ತುಂಬಿದ ಬಸುರಿ, ಗೋಡೆಗೆ ಕೈ ಊರಿ ನಿಂತು, ಮರಾಠಿಯಲ್ಲಿ ಕೇಳಿದಳಂತೆ: “ಸಾಹೇಬರ, ನನ್ನ ಗಂಡನ್ನ ಬಿಳಗಿಯೊಳಗ ಯಾಕ ಇಟ್ಟಗೊಂಡೀರಿ?” ಸಾಹೇಬರು ಆಶ್ಚರ್ಯಪಟ್ಟು, ಆತನೇ ಊರು ಬಿಡಲು ಒಪ್ಪಲಿಲ್ಲವಲ್ಲ, ಎರಡು ಸಲ ಗಟ್ಟಿಯಾಗಿ ಹೇಳಿದನಲ್ಲ ಅಂದರಂತೆ. ಅದಕ್ಕೆ ನನ್ನ ಧರ್ಮಪತ್ನಿ ಕೊಟ್ಟ ಉತ್ತರ: “ಸಾಹೇಬ, ತ್ಯಾಂನಾ ಇಂಗ್ರಜೀ ಯೇತ ನಾಹೀ.” ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಯೆಸ್ ಅನ್ನುವಲ್ಲಿ ನೋ ಅನ್ನುತ್ತಾರೆ, ನೋ ಅನ್ನುವಲ್ಲಿ ಯೆಸ್ ಅನ್ನುತ್ತಾರೆ; ಸೀರೆ ಕೊಳ್ಳುವಾಗಲೂ ಹೀಗೇ ಮಾಡಿದರು.

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ನಕ್ಕ ಮೇಲೆ ಅವರಿಗೆ ಅಧಿಕಾರಿಯ ಪ್ರಜ್ಞೆ ಬಂತು. ಇಂಗ್ಲಿಷ್ ಬಾರದ ಮನುಷ್ಯ ಇಂಗ್ಲಿಷ್ ಕಲಿಸುತ್ತಿದ್ದಾನೆಂದರೆ ಗತಿಯೇನು? ವಾರದೊಳಗೆ ಆರ್ಡರ್ ಬಂತು. ನನಗೆ ಜಮಖಂಡಿಗೆ ಬದಲಿ. ಕಲಿಸಬೇಕಾದದ್ದು ಭೂಗೋಳ ಮತ್ತು ಕನ್ನಡ, ಇಂಗ್ಲಿಷಿನ ವರ್ಗ ಕೊಡತಕ್ಕದ್ದಲ್ಲ. ಬಿಳಗಿಯಲ್ಲಿ ನನ್ನ ಇಂಗ್ಲಿಷನ್ನು ತಾತ್ಕಾಲಿಕವಾಗಿ ಡ್ರಾಯಿಂಗ್ ಮಾಸ್ತರರು ನೋಡಿಕೊಳ್ಳತಕ್ಕದ್ದು, ಏಕೆಂದರೆ ತಪಾಸಣೆಯಲ್ಲಿ ಅವರು ಕೇಳಿದ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಟ್ಟಿದ್ದರು. ಅವರು ಮಕ್ಕಳಿಗೆ ‘ಎನಿಬಡಿ ಡಿಡ್ ನಾಟ್ ಕಮ್’ ಎಂದೇ ಕಲಿಸಿದರೆಂದು ಕೇಳಿದ್ದೇನೆ. ಆ ಮಕ್ಕಳಲ್ಲಿ ಕೆಲವರು ಮುಂದೆ ದೊಡ್ಡ ಕಚೇರಿಗಳಲ್ಲಿ ಕೂತಿದ್ದಾರೆ. ಅವರ ಹತ್ತಿರ ಹೋದವರಿಗೆಲ್ಲ ಅವರ ಇಂಗ್ಲಿಷ್ ಚೆನ್ನಾಗಿಯೇ ತಿಳಿಯುತ್ತದಂತೆ.

ನಾನು ಟ್ರಂಕು, ಹಾಸಿಗೆ ಕಟ್ಟಿಕೊಂಡು ಜಮಖಂಡಿಗೆ ಬಂದ ಮೇಲೆ ಮಗಳು ಹುಟ್ಟಿದಳು. ಮಗುವನ್ನು ಮೊದಲ ಸಲ ತೊಡೆಯ ಮೇಲೆ ಇಟ್ಟುಕೊಂಡಾಗ, ಜಗತ್ತಿನ ಯಾವ ಭಾಷೆಯ ಯಾವ ನಿಯಮವೂ ನನಗೆ ನೆನಪಿಗೆ ಬರಲಿಲ್ಲವೆಂಬುದನ್ನು ಹೇಳಲೇಬೇಕು. ಆದರೆ ಹೊಸ ಶಾಲೆಯಲ್ಲಿ ಮಾಸ್ತರರು ನನ್ನನ್ನು ಕಂಡಾಗಲೆಲ್ಲ ಬೇಕೆಂದೇ ಇಂಗ್ಲಿಷ್ ಬಿಟ್ಟು ಮಾತಾಡುತ್ತಿದ್ದರು. ಆ ಕರುಣೆ ನನ್ನನ್ನು ಸುಡುತ್ತಿತ್ತು. ಒಂದು ರವಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ತಡೆಯಲಾರದೆ, “ಏನ ಆಗಲಿ, ಊರ ಮುಂದ ನನ್ನ ಮರ್ಯಾದಿ ತಗದಿ” ಅಂದೆ. ಸುಂದರವ್ವ ತುಪ್ಪದ ಗಿಂಡಿಯನ್ನು ಎತ್ತಿ ಹಿಡಿದು, ಹೊಯ್ಯದೆ ನಿಂತಳು.

“ನಾ ಸುಳ್ಳ ಹೇಳೀನೇನ್ರಿ? ನಿಮಗ ಇಂಗ್ಲಿಷ್ ಬರೂದಿಲ್ಲಲ್ಲ?”

ಅನ್ನ ಹೊಗೆಯಾಡುತ್ತಿತ್ತು. ತುಪ್ಪ ಮೇಲೆಯೇ ಇತ್ತು. ನಾನು ಗಿಂಡಿಯನ್ನು ನೋಡಿ, “ಹೌದು” ಅಂದೆ.

ಅವಳು ಸಂತೋಷದಿಂದ ಎರಡು ಚಮಚ ಹೆಚ್ಚಿಗೆ ಹೊಯ್ದಳು. ನಾನು ‘ಹೌದು’ ಅಂದದ್ದು ಇಂಗ್ಲಿಷಿನ ನಿಯಮದ ಪ್ರಕಾರ ಎಂದು ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.